ದೂರಮ್ಮನ ಟೆನ್ಷನ್ ಅಳೆದದ್ದು

ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುತ್ತಿದ್ದ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ಊರಿಗೆಲ್ಲ ಅವಳು ದೂರಮ್ಮ. ನಲ್ಲಿಯಲ್ಲಿ ನೀರು ಬರದಿದ್ದರೆ ದೂರಮ್ಮನಿಗೆ ಹೇಳು, ಬಂದ ನೀರು ಕೆಂಪಗಿದ್ದರೆ ದೂರಮ್ಮನಿಗೆ ಹೇಳು, ರಸ್ತೆ ಮಧ್ಯೆ ಪೈಪು ಒಡೆದು ಕಾರಂಜಿ ಎದ್ದರೆ ಮೊದಲು ದೂರಮ್ಮನಿಗೆ ಹೇಳು, ಆಮೇಲೆ ಬೇಕಾದರೆ ಫೋಟೊ ತೆಗೆದುಕೋ. ಹೀಗೆ ಹೇಳಿ ಹೇಳಿ ಆ ಹೆಸರೇ ನಿಂತುಬಿಟ್ಟಿತ್ತು.

ಅವಳ ಕೋಣೆ ಒಂದು ಬಟ್ಟೆ ಬೀರುವಿಗಿಂತ ಸ್ವಲ್ಪ ದೊಡ್ಡದು. ಮೇಜಿನ ಮೇಲೆ ಎರಡು ಫೋನು. ಅದರಲ್ಲೊಂದು ಬಿರುಕು ಬಿಟ್ಟು, ಟೇಪು ಸುತ್ತಿಸಿಕೊಂಡಿತ್ತು. ಎದುರಿಗೆ ಗಾಜು, ಗಾಜಿನಲ್ಲಿ ಅಂಗೈ ತೂರುವಷ್ಟು ತೂತು, ಆ ತೂತಿನಾಚೆ ಬೆಳಗಿನಿಂದ ಸಂಜೆಯವರೆಗೆ ಕೋಪ ಮಾಡಿಕೊಂಡ ಮುಖಗಳು. ಯಾರಾದರೂ ಫೋನಿನಲ್ಲಿ ಬಾಯಿಗೆ ಬಂದಂತೆ ಕೂಗಾಡತೊಡಗಿದರೆ ದೂರಮ್ಮ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕಾಯುತ್ತಿದ್ದಳು. "ಬೈಯೋದು ಮುಗೀಲಿ. ಮಧ್ಯದಲ್ಲಿ ವಿಳಾಸ ಕೇಳಿದ್ರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ" ಎನ್ನುವುದು ಅವಳ ಅನುಭವ. ಬೈದವರ ಉಸಿರು ಮುಗಿದ ಮೇಲೆ, "ಹೂಂ, ಈಗ ಹೇಳಿ, ಮನೆಯಲ್ಲಿ ಕುಡಿಯೋಕಾದ್ರೂ ನೀರಿದೆಯಾ?" ಎಂದು ಕೇಳುತ್ತಿದ್ದಳು. ಆ ಒಂದು ಮಾತಿಗೆ ಎಂಥವರೂ ಅರ್ಧ ಇಳಿದುಹೋಗುತ್ತಿದ್ದರು.

ಸಂಜೆ ಮನೆಗೆ ಬಂದರೆ ಅಲ್ಲಿ ಅತ್ತೆ ಮತ್ತು ಗಂಡ. ಅತ್ತೆಗೆ ಕಿವಿ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಬಲು ಚುರುಕು. ಗಂಡ ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ಬೆಳಗ್ಗೆಯಿಂದ ಒಬ್ಬರಾದ ಮೇಲೊಬ್ಬ ಹೊಸಬರ ಪಕ್ಕದಲ್ಲಿ ಕೂತು, ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ಹೇಳಿಕೊಡುವುದು ಅವರ ಕೆಲಸ. ಮನೆಗೆ ಬಂದ ಮೇಲೆ ಹೆಚ್ಚು ಮಾತಿಲ್ಲ. ಊಟಕ್ಕೆ ಕೂತಾಗ ದೂರಮ್ಮ ಅವತ್ತಿನ ದೂರುಗಳನ್ನೆಲ್ಲ ಕಥೆ ಮಾಡಿ ಹೇಳುವಳು, ಮೇಷ್ಟ್ರು ತಲೆ ಆಡಿಸುವರು, ಅತ್ತೆ ಅರ್ಧ ಕೇಳಿಸಿಕೊಂಡು ಪೂರ್ತಿ ನಗುವರು.

ಕಚೇರಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು ಒಳ್ಳೆಯ ಮನುಷ್ಯ. ಅವರು ಬಂದ ವಾರದಲ್ಲೇ ಲೆಕ್ಕದ ಗುಮಾಸ್ತರು ಕೂತ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದರು. ಗುಮಾಸ್ತರದು ಭಾರೀ ಶರೀರ, ಬಿದ್ದ ಸದ್ದು ಮಹಡಿಯ ಮೇಲೂ ಕೇಳಿಸಿತಂತೆ. ಡಾಕ್ಟರು ಪರೀಕ್ಷೆ ಮಾಡಿ, ರಕ್ತದೊತ್ತಡ ಏರಿದೆ, ಕೆಲಸದ ಟೆನ್ಷನ್ ಇರಬೇಕು ಎಂದರು. ಸಾಹೇಬರು ಗಾಬರಿಯಾದರು. ಇವರೊಬ್ಬರು ಬಿದ್ದದ್ದು ಗೊತ್ತಾಯಿತು, ಬೀಳದೆ ಕೂತಿರುವವರ ಪಾಡೇನು ಎಂದು ಯೋಚಿಸಿ, ಕಾಲೇಜಿನಿಂದ ಮನಶ್ಶಾಸ್ತ್ರದ ಮೇಡಂ ಒಬ್ಬರನ್ನು ಕರೆಸಿದರು. ಕಚೇರಿಯ ಪ್ರತಿಯೊಬ್ಬರಿಗೂ ಎಷ್ಟು ಟೆನ್ಷನ್ ಇದೆ ಎಂದು ಅಳೆಯಬೇಕೆಂದು ಆಜ್ಞೆಯಾಯಿತು.

ಅಳೆಯುತ್ತಾರೆ ಎಂದ ಕೂಡಲೇ ಕಚೇರಿಯಲ್ಲಿ ಗುಸುಗುಸು ಎದ್ದಿತು. ನೀರು ಬಿಡುವ ವಾಲ್ವ್‌ಮನ್ ಬೆಳಗ್ಗೆ ತಿಂಡಿ ತಿನ್ನದೆ ಬಂದಿದ್ದ, ರಕ್ತ ತೆಗೆಯುತ್ತಾರೇನೋ ಎಂದು. ಟೈಪಿಸ್ಟು ತಲೆಗೆ ವೈರು ಹಚ್ಚುತ್ತಾರೆಂದು ಕೇಳಿ, ಅವತ್ತೇ ಬಾಚಿದ್ದ ಕೂದಲಿನ ಚಿಂತೆಯಲ್ಲಿದ್ದಳು. ಬಂದವರು ನೋಡಿದರೆ ಕನ್ನಡಕ ಹಾಕಿದ, ಮೆಲುದನಿಯ ಚಿಕ್ಕ ವಯಸ್ಸಿನ ಮೇಡಂ. ಅವರ ಹತ್ತಿರ ಇದ್ದದ್ದು ಹತ್ತು ಪ್ರಶ್ನೆ ಮಾತ್ರ. ಕಳೆದ ಒಂದು ತಿಂಗಳಲ್ಲಿ ಹೀಗೆ ಹೀಗೆ ಅನ್ನಿಸಿದ್ದು ಎಷ್ಟು ಸಲ ಎಂದು ಅವರು ಕೇಳುವುದು, ಒಂದು ಸಲವೂ ಇಲ್ಲ, ಅಪರೂಪಕ್ಕೆ, ಆಗಾಗ, ಸುಮಾರು ಸಲ, ತುಂಬಾ ಸಲ, ಇವುಗಳಲ್ಲಿ ಒಂದನ್ನು ಇವರು ಹೇಳುವುದು. ಕೊನೆಗೆ ಎಲ್ಲ ಕೂಡಿಸಿದರೆ ಅಳತೆ ಸಿಗುತ್ತಿತ್ತು.

ದೂರಮ್ಮನ ಸರದಿ ಬಂದ ದಿನವೇ ದೊಡ್ಡ ಪೈಪೊಂದು ಒಡೆದಿತ್ತು. ಅರ್ಧ ಊರಿಗೆ ನೀರಿಲ್ಲ. ಎರಡೂ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು, ಕಿಟಕಿಯಾಚೆಯ ಸಾಲು ಮೆಟ್ಟಿಲು ದಾಟಿ ಬೀದಿಗಿಳಿದಿತ್ತು. ಮೇಡಂ ಬಾಗಿಲಲ್ಲಿ ನಿಂತು, "ಆಮೇಲೆ ಬರ್ಲಾ?" ಎಂದು ಕೇಳಿದರು.

"ಆಮೇಲೂ ಹೀಗೇ ಇರುತ್ತೆ. ನೀವು ಕೇಳಿ ಮೇಡಂ, ನನಗೆ ಎರಡು ಕಿವಿ ಇದೆಯಲ್ಲ" ಎಂದು ದೂರಮ್ಮ ಒಂದು ಕೈಯಲ್ಲೇ ಸ್ಟೂಲು ಎಳೆದುಕೊಟ್ಟಳು.

ಮೇಡಂ ಕೂತು ಶುರುಮಾಡಿದರು. "ಕಳೆದ ತಿಂಗಳಲ್ಲಿ, ಅಂದುಕೊಳ್ಳದೇ ಇದ್ದದ್ದು ಏನಾದ್ರೂ ಆಗಿ ಮನಸ್ಸು ಕೆಟ್ಟಿದ್ದು ಎಷ್ಟು ಸಲ?"

ಆ ಹೊತ್ತಿಗೆ ಫೋನಿನ ಆ ತುದಿಯಲ್ಲಿ ಒಬ್ಬ ಹೆಂಗಸು ಅಳುವುದೊಂದು ಬಾಕಿ. ಮನೆ ತುಂಬ ನೆಂಟರು, ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ನೀರು ನಿಂತುಹೋಗಿತ್ತು. ದೂರಮ್ಮ ರಿಸೀವರಿನ ಬಾಯಿ ಮುಚ್ಚಿ, "ತುಂಬಾ ಸಲ ಮೇಡಂ. ಪಾಪ, ಕಣ್ಣು ಉರೀತಾ ಇದೆ" ಎಂದಳು. ಮೇಡಂ ಕನಿಕರದಿಂದ ಗುರುತು ಹಾಕಿಕೊಂಡರು.

"ಜೀವನದ ಮುಖ್ಯ ವಿಷಯಗಳು ಕೈಮೀರಿ ಹೋಗ್ತಾ ಇವೆ ಅನ್ನಿಸಿದ್ದು?"

"ಕೈಯಲ್ಲಿ ಏನಿದೆ ಹೇಳಿ. ವಾಲ್ವ್ ತುಕ್ಕು ಹಿಡಿದು ತಿರುಗ್ತಾನೇ ಇಲ್ಲವಂತೆ. ತುಂಬಾ ಸಲ."

"ಎಲ್ಲಾ ನಿಮ್ಮ ಮನಸ್ಸಿನ ಹಾಗೇ ನಡೀತಾ ಇದೆ ಅನ್ನಿಸಿದ್ದು?"

ಇದಕ್ಕೆ ದೂರಮ್ಮ ಬಾಯಿ ತೆರೆಯುವ ಮೊದಲೇ ಗಾಜಿನ ತೂತಿನಿಂದ ಉತ್ತರ ಬಂತು. ಸಾಲಿನಲ್ಲಿ ಮುಂದೆ ನಿಂತಿದ್ದ ಬೇಕರಿಯವನು, ಹಿಟ್ಟು ಕಲಸಲು ನೀರಿಲ್ಲದೆ ಬೆಳಗಿನಿಂದ ಕುದಿಯುತ್ತಿದ್ದವನು, "ಒಂದು ಸಲವೂ ಇಲ್ಲ, ಬರ್ಕೊಳ್ಳಿ" ಎಂದ. ಹಿಂದಿದ್ದವರು ಹೌದು ಹೌದೆಂದರು. ದೂರಮ್ಮನೂ ತಲೆ ಆಡಿಸಿದಳು.

ಕೊನೆಯ ಪ್ರಶ್ನೆ ಬರುವಾಗ ಅವಳು ಇನ್ನೊಂದು ಫೋನಿನಲ್ಲಿ, ಬಕೆಟ್ಟು ಹೊತ್ತು ಮಹಡಿ ಹತ್ತುತ್ತಿದ್ದ ಮುದುಕರೊಬ್ಬರ ಮಾತು ಕೇಳುತ್ತಿದ್ದಳು. "ಕಷ್ಟಗಳು ರಾಶಿ ಬಿದ್ದು, ಇನ್ನು ನನ್ನ ಕೈಲಿ ಆಗಲ್ಲ ಅನ್ನಿಸಿದ್ದು?" ಎಂದು ಮೇಡಂ ಕೇಳಿದರು.

"ದಿನಾ" ಎಂದಳು ದೂರಮ್ಮ. "ಮೂರನೇ ಮಹಡಿ ಮೇಡಂ. ಆ ವಯಸ್ಸಲ್ಲಿ ಹೇಗೆ ಆಗುತ್ತೆ?"

ಫಲಿತಾಂಶ ಬಂದಾಗ ಇಡೀ ಕಚೇರಿಯಲ್ಲಿ ಅತಿ ಹೆಚ್ಚು ಟೆನ್ಷನ್ ಇರುವವಳು ದೂರಮ್ಮ. ನೆಲಕ್ಕೆ ಬಿದ್ದು ಎದ್ದಿದ್ದ ಲೆಕ್ಕದ ಗುಮಾಸ್ತರು ಎರಡನೆಯವರು. "ಬಿದ್ದವನು ನಾನು" ಎಂದು ಅವರು ಒಂದೆರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದರು.

ಸಾಹೇಬರು ದೂರಮ್ಮನನ್ನು ಕರೆಸಿ, ಎದುರಿಗೆ ಕೂರಿಸಿ, ತಾವೇ ನೀರಿನ ಲೋಟ ಮುಂದಿಟ್ಟರು. "ಅಮ್ಮಾ, ನಮಗೆ ಗೊತ್ತೇ ಆಗ್ಲಿಲ್ಲ. ನಗ್ತಾ ನಗ್ತಾ ಇಷ್ಟೊಂದು ನುಂಗಿಕೊಂಡಿದ್ದೀರಿ."

"ಏನನ್ನ ಸಾರ್?"

"ನೋಡಿ, ಈಗಲೂ ಮುಚ್ಚಿಡ್ತಾ ಇದ್ದೀರಿ." ಸಾಹೇಬರು ಲೋಟವನ್ನು ಇನ್ನೂ ಹತ್ತಿರಕ್ಕೆ ಸರಿಸಿದರು. "ನಾಳೆಯಿಂದ ನೀವು ಕಿಟಕಿಗೆ ಬರಬೇಡಿ. ಹಿಂದುಗಡೆ ನಕ್ಷೆ ಕೋಣೆ ಇದೆಯಲ್ಲ, ಅಲ್ಲಿ ಕೂತು ಹಳೇ ನಕ್ಷೆಗಳನ್ನ ಸರಿಮಾಡಿ. ಅವಸರವೇನಿಲ್ಲ, ಯಾರೂ ತೊಂದರೆ ಕೊಡಲ್ಲ."

ಬೇಡ ಸಾರ್ ಎನ್ನಬೇಕೆಂದು ಅವಳಿಗೆ ನಾಲಿಗೆ ತುದಿಯವರೆಗೆ ಬಂತು. ಅಷ್ಟು ಅಕ್ಕರೆಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ ಎಂದು ನೀರು ಕುಡಿದು, ಆಗಲಿ ಸಾರ್ ಎಂದಳು. ಮನೆಯಲ್ಲಿ ಹೇಳಿದಾಗ ಅತ್ತೆ, "ಒಳ್ಳೇದೇ ಆಯ್ತು ಬಿಡು. ಇನ್ನಾದ್ರೂ ಊರವರ ಬೈಗುಳ ತಪ್ಪಿತು" ಎಂದು ಖುಷಿಪಟ್ಟರು. ಮೇಷ್ಟ್ರೂ ಒಳ್ಳೆಯದೇ ಎಂದರು.

ನಕ್ಷೆ ಕೋಣೆ ಹಿತ್ತಲ ಕಡೆ, ದಪ್ಪ ಗೋಡೆಯ ಕೋಣೆ. ಗೋಡೆಗೆ ಆನಿಸಿ ಸುರುಳಿ ಸುತ್ತಿದ ನಕ್ಷೆಗಳು. ಒಂದೊಂದನ್ನೇ ಬಿಚ್ಚಿ, ಧೂಳು ಒರೆಸಿ, ಹರಿದಲ್ಲಿ ಅಂಟಿಸಿ, ಯಾವ ಬೀದಿಯದೆಂದು ಹಿಂದೆ ಬರೆದಿಡಬೇಕು. ಕಿಟಕಿ ತೆರೆದರೆ ಕಾಣುವುದು ನೀರಿನ ಟ್ಯಾಂಕಿನ ಬೋಳು ಗೋಡೆ. ಬಾಗಿಲ ಪಕ್ಕದಲ್ಲಿ ಒಂದು ಫೋನೂ ಇತ್ತು. ಅದಕ್ಕೆ ಯಾರೂ ಮಾಡುತ್ತಿರಲಿಲ್ಲ.

ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ನಿದ್ದೆ ಬಂತು. ಆಮೇಲೆ ಅವಳ ಕಣ್ಣು ಪದೇ ಪದೇ ಆ ಫೋನಿನ ಮೇಲೆ ಹೋಗತೊಡಗಿತು. ನಕ್ಷೆ ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಲ್ಲುವುದು, ಕಿವಿ ನಿಮಿರುವುದು, ಏನೂ ಇಲ್ಲವೆಂದು ಗೊತ್ತಾಗಿ ಮತ್ತೆ ಕೈ ಆಡುವುದು. ಒಂದು ಮಧ್ಯಾಹ್ನ ತಡೆಯಲಾರದೆ ಮೇಷ್ಟ್ರಿಗೆ ತಾನೇ ಫೋನು ಮಾಡಿದಳು.

"ರೀ, ಎಲ್ಲಿದ್ದೀರಿ?"

"ಕಾರಲ್ಲಿ. ಇನ್ನೆಲ್ಲಿರ್ತೀನಿ?"

ಮರುದಿನ ಎರಡು ಸಲ ಮಾಡಿದಳು. ಆಮೇಲೆ ಅದು ಲೆಕ್ಕಕ್ಕೆ ಸಿಗದಂತಾಯಿತು. ಒಮ್ಮೆ ಮೇಷ್ಟ್ರ ಜೇಬಿನಲ್ಲಿ ಫೋನು ಬಡಿದುಕೊಂಡ ಸದ್ದಿಗೆ ಬೆಚ್ಚಿದ ಹೊಸಬಳೊಬ್ಬಳು ಬೀದಿ ಬದಿಯ ಕಸದ ತೊಟ್ಟಿಗೆ ಕಾರು ತಾಗಿಸಿದಳು. ಸಂಜೆ ಮೇಷ್ಟ್ರು ಸಿಡುಕಿದರು. "ಏನೇ ನಿಂದು? ಏನಾದ್ರೂ ಹೇಳೋದಿದ್ರೆ ಮಾಡು. ಎಲ್ಲಿದ್ದೀರಿ, ಎಲ್ಲಿದ್ದೀರಿ ಅಂತ ಕೇಳೋಕೆ ನಾನೇನು ತಪ್ಪಿಸಿಕೊಂಡು ಹೋಗ್ತೀನಾ?"

ಅವತ್ತಿನಿಂದ ದೂರಮ್ಮ ಫೋನು ಮಾಡುವುದನ್ನು ಬಿಟ್ಟಳು. ಬಿಟ್ಟದ್ದರಿಂದ ಇನ್ನಷ್ಟು ಕಷ್ಟವಾಯಿತು. ಅಡುಗೆಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಊಟದ ಹೊತ್ತಿನ ಕಥೆಗಳು ನಿಂತವು. ನಕ್ಷೆಯ ಕಥೆ ಯಾರು ಕೇಳುತ್ತಾರೆ? ಅತ್ತೆ ಮಗನನ್ನು ಪಕ್ಕಕ್ಕೆ ಕರೆದು, "ನಿನ್ನ ಹೆಂಡತಿ ಸುಮ್ಮನಾಗಿಬಿಟ್ಟಿದ್ದಾಳೆ ಕಣೋ. ನನ್ನ ಕಿವಿ ಹೋಯ್ತೇನೋ ಅಂದ್ಕೊಂಡಿದ್ದೆ. ಅಲ್ಲ, ಅವಳ ಬಾಯೇ ಹೋಗಿದೆ" ಎಂದರು.

ಮೂರು ತಿಂಗಳಾದ ಮೇಲೆ ಎಲ್ಲರನ್ನೂ ಮತ್ತೊಮ್ಮೆ ಅಳೆಯಲು ಮೇಡಂ ಬಂದರು. ಮೊದಲು ನೇರವಾಗಿ ನಕ್ಷೆ ಕೋಣೆಗೇ ಬಂದರು, ಇಲ್ಲಿ ಖಂಡಿತ ಒಳ್ಳೆಯ ಸುದ್ದಿ ಸಿಗುತ್ತದೆಂಬ ಉತ್ಸಾಹದಲ್ಲಿ. ಎದುರುಬದುರು ಕೂತರು. ನೊಣ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಅದೇ ಹತ್ತು ಪ್ರಶ್ನೆಗಳನ್ನು ಅದೇ ಮೆಲುದನಿಯಲ್ಲಿ ಕೇಳಿದರು. ದೂರಮ್ಮ ಒಂದೊಂದಕ್ಕೂ ತಡೆದು, ಯೋಚಿಸಿ, ನೆಲ ನೋಡುತ್ತಾ ಉತ್ತರ ಕೊಟ್ಟಳು.

ಮೇಡಂ ಕೂಡಿಸಿ ನೋಡಿದರು. ಮತ್ತೊಮ್ಮೆ ಕೂಡಿಸಿದರು. "ಇದೇನು? ಹೋದ ಸಲ ಇದ್ದಷ್ಟೇ ಇದೆ. ಒಂಚೂರೂ ಇಳಿದಿಲ್ಲ."

"ಹೋದ ಸಲ ನಂದೆಲ್ಲಿ ಕೇಳಿದ್ರಿ ಮೇಡಂ?"

"ಕೇಳಿದ್ನಲ್ಲ, ಆ ಕಿಟಕಿ ಕೋಣೇಲಿ. ತುಂಬಾ ಸಲ, ತುಂಬಾ ಸಲ ಅಂದ್ರಿ."

"ಅದು ಸೋಪು ಹಚ್ಚಿಕೊಂಡು ನಿಂತಿದ್ದ ಹೆಂಗಸಿಂದು. ಆಮೇಲೆ ಬೇಕರಿಯವನದು. ಕೊನೇದು ಮೂರನೇ ಮಹಡಿ ಅಜ್ಜಂದು. ಫೋನಲ್ಲಿ, ಸಾಲಲ್ಲಿ ಇದ್ದವರನ್ನ ವಿಚಾರಿಸ್ತಾ ಇದ್ದೀರಿ ಅಂದ್ಕೊಂಡು ಹೇಳಿದೆ. ನನ್ನನ್ನ ಯಾರು ಕೇಳ್ತಾರೆ ಅಂತ."

ಮೇಡಂ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ದೂರಮ್ಮನಿಗೂ ಎಷ್ಟೋ ದಿನದ ಮೇಲೆ ನಗು ಬಂತು. ನಗು ಇಳಿದ ಮೇಲೆ ಮೇಡಂ ಮುಖ ಕೆಂಪಾಯಿತು. "ತಪ್ಪು ನಂದು. ಅಂಥ ಗಲಾಟೇಲಿ ಕೂತು ಕೇಳಬಾರದಿತ್ತು." ಕನ್ನಡಕ ಮತ್ತೆ ಹಾಕಿಕೊಂಡು, "ಹಾಗಾದ್ರೆ ಇವತ್ತಿನದು?" ಎಂದು ಕೇಳಿದರು.

"ಇವತ್ತಿನದು ನಂದೇ."

ಮೇಡಂ ಮುಂದೆ ಏನೂ ಕೇಳಲಿಲ್ಲ. ಸುಮ್ಮನೆ ಕೂತರು. ಬೈಯುವವರ ಉಸಿರು ಮುಗಿಯಲೆಂದು ಇಷ್ಟು ವರ್ಷ ಕಾದವಳ ಎದುರು ಈಗ ಇನ್ನೊಬ್ಬರು ಕಾಯುತ್ತಾ ಕೂತಿದ್ದರು. ದೂರಮ್ಮ ಕೈಯಲ್ಲಿದ್ದ ನಕ್ಷೆಯ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಹೇಳಿದಳು.

ಕೆಲವು ವರ್ಷಗಳ ಹಿಂದೆ ಮೇಷ್ಟ್ರ ಪಕ್ಕದಲ್ಲಿ ಕೂತು ಕಲಿಯುತ್ತಿದ್ದವನೊಬ್ಬ ಎದುರಿಗೆ ಲಾರಿ ಕಂಡು, ಹೆದರಿ ಕಾರನ್ನು ಸೇತುವೆಯ ಕಟ್ಟೆಗೆ ನುಗ್ಗಿಸಿದ್ದ. ಅವನಿಗೆ ಏನೂ ಆಗಲಿಲ್ಲ. ಮೇಷ್ಟ್ರ ಕಾಲು ಎರಡು ಕಡೆ ಮುರಿಯಿತು. ಆ ಸುದ್ದಿ ಬಂದದ್ದು ಕಚೇರಿಯ ದೂರು ಫೋನಿಗೆ, ಎರಡು ದೂರುಗಳ ನಡುವೆ.

"ಯಾರೋ ಗಂಡಸು, ಏದುಸಿರು ಬಿಡ್ತಾ ಮಾತಾಡ್ತಿದ್ದ. ನೀರಿನ ದೂರೇ ಇರಬೇಕು ಅಂತ ನಾನು, ವಿಳಾಸ ಹೇಳಿ ಅಂದೆ. ಆಸ್ಪತ್ರೆ ಹೆಸರು ಹೇಳಿದ. ಆಸ್ಪತ್ರೇಲಿ ನೀರಿಲ್ವಾ ಅಂತ ಕೇಳಿದೆ ಮೇಡಂ. ಹಾಗೆ ಕೇಳಿದೆ."

ಮೇಡಂ ಅವಳ ಕೈ ಮೇಲೆ ಕೈಯಿಟ್ಟರು.

"ಕಿಟಕೀಲಿದ್ದಾಗ ಪರವಾಗಿರ್ಲಿಲ್ಲ. ದಿನಕ್ಕೆ ನೂರು ಸಲ ಫೋನ್ ಬರ್ತಿತ್ತು, ನೂರೂ ಬೇರೆಯವರದು. ಎದೆ ಹೊಡ್ಕೊಳ್ಳೋಕೂ ಪುರುಸೊತ್ತಿರ್ಲಿಲ್ಲ. ಇಲ್ಲಿ ಅದು ಬರೋದೇ ಇಲ್ಲ. ಬಂದ್ರೆ ನಮ್ಮನೇದೇ ಬರೋದು ಅನ್ಸುತ್ತೆ. ಬೆಳಗ್ಗೆಯಿಂದ ಸಂಜೆವರೆಗೂ ಅದನ್ನೇ ನೋಡ್ತಾ ಕೂತಿರ್ತೀನಿ."

"ಇದನ್ನ ಯಜಮಾನರಿಗೆ ಹೇಳಿದ್ದೀರಾ?"

"ಏನಂತ ಹೇಳ್ಲಿ? ಅವರಿಗೆ ಅನ್ನ ಕೊಡೋ ಕೆಲಸ ಅದು. ಹೆದರಿಕೊಂಡು ಮಾಡಿದ್ರೆ ಇನ್ನೂ ಅಪಾಯ ಅಲ್ವಾ?"

"ಅವರು ಹೆದರ್ತಾರೋ ಇಲ್ವೋ ಅವರಿಗೇ ಬಿಡಿ. ನೀವು ಹೇಳಿ" ಎಂದರು ಮೇಡಂ. "ನಾನು ಸಾಹೇಬರ ಹತ್ತಿರ ಹೋಗಿ ನನ್ನ ಎಡವಟ್ಟು ಹೇಳ್ಬೇಕು. ಅದೂ ಸುಲಭವಲ್ಲ."

ಅವರು ಹೇಳಿದರು. ಸಾಹೇಬರು ಮೊದಲು ಪೆಚ್ಚಾಗಿ, ಆಮೇಲೆ ದೂರಮ್ಮನನ್ನು ಕರೆಸಿ, ಏನು ಬೇಕೋ ನೀವೇ ಹೇಳಿ ಎಂದರು. ಅವಳಿಗೆ ಕಿಟಕಿ ಬೇಕಿತ್ತು. ಜೊತೆಗೆ ಸರಿಮಾಡಿದ ನಕ್ಷೆಗಳಲ್ಲಿ ಒಂದಷ್ಟನ್ನು ಕಿಟಕಿ ಕೋಣೆಗೆ ತರಲು ಒಪ್ಪಿಗೆಯೂ ಬೇಕಿತ್ತು. ಯಾವ ಬೀದಿಗೆ ಯಾವ ಪೈಪು ಹೋಗುತ್ತದೆಂದು ನೋಡಿ ಹೇಳಿದರೆ ಜನ ಬೇಗ ಸಮಾಧಾನಗೊಳ್ಳುತ್ತಾರೆಂದು ಅವಳ ಎಣಿಕೆ. ಎರಡೂ ಸಿಕ್ಕವು.

ಮನೆಯಲ್ಲಿ ಹೇಳುವುದು ಅಷ್ಟು ಸಲೀಸಾಗಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಮೇಷ್ಟ್ರು ಬಟಾಣಿ ಸುಲಿಯುತ್ತಿದ್ದರು. ಅವಳು ಬೆನ್ನು ಹಾಕಿ ಒಲೆಯ ಹತ್ತಿರ ನಿಂತೇ ಹೇಳಿದಳು, ಮುಖ ನೋಡಿದರೆ ಹೇಳಲಾಗುವುದಿಲ್ಲವೆಂದು. ಆಸ್ಪತ್ರೇಲಿ ನೀರಿಲ್ವಾ ಎಂದು ಕೇಳಿದ್ದನ್ನೂ ಹೇಳಿದಳು. ಅದನ್ನು ಅವರಿಗೆ ಇದುವರೆಗೆ ಹೇಳಿರಲಿಲ್ಲ. ಬಟಾಣಿ ಪಾತ್ರೆಗೆ ಬೀಳುವ ಸದ್ದು ನಿಂತಿತು.

"ಭಾನುವಾರ ನನ್ನ ಜೊತೆ ಬಾ" ಎಂದರು ಮೇಷ್ಟ್ರು.

ಭಾನುವಾರ ಅವಳನ್ನು ಕಲಿಕೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವತ್ತು ಕಲಿಯಲು ಬಂದಿದ್ದವನು ಬೇಕರಿಯವನೇ, ಬ್ರೆಡ್ಡು ಸಾಗಿಸಲು ವ್ಯಾನು ಕೊಂಡಿದ್ದನಂತೆ. ಹಿಟ್ಟಿನ ಮೂಟೆ ಎತ್ತುವ ಕೈಗಳು ಸ್ಟಿಯರಿಂಗನ್ನೂ ಮೂಟೆಯಂತೆಯೇ ಬಿಗಿಯಾಗಿ ಹಿಡಿದಿದ್ದವು. ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇರುವುದನ್ನು ದೂರಮ್ಮ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಕಂಡಳು. ಅವರ ಪಾದ ಅದರ ಮೇಲೆ ಹಗುರವಾಗಿ ಕೂತೇ ಇರುತ್ತಿತ್ತು. ನಾಯಿಯೊಂದು ಗೇಟಿನಿಂದ ಹೊರಬರುವುದನ್ನು ಬೇಕರಿಯವನು ನೋಡುವ ಮೊದಲೇ ಅವರು ನೋಡಿರುತ್ತಿದ್ದರು. ಗೋಡೆಯ ಕಡೆಗೆ ಕಾರು ವಾಲಿದಾಗ, "ಆ ಗೋಡೆ ನಮ್ಮನ್ನ ಕರೆದಿಲ್ಲ, ಸ್ವಲ್ಪ ಈ ಕಡೆ ಬನ್ನಿ" ಎಂದರು. ದನಿ ಒಂದಿಷ್ಟೂ ಏರಲಿಲ್ಲ.

"ಆ ಸೇತುವೆ ಹತ್ತಿರ ಅವತ್ತೂ ಹೀಗೇ ಹೇಳಿದ್ರಾ?" ಬೇಕರಿಯವನು ಇಳಿದು ಹೋದ ಮೇಲೆ ಅವಳು ಕೇಳಿದಳು.

"ಅವತ್ತು ಹೇಳೋಕೆ ಸಮಯ ಸಿಗ್ಲಿಲ್ಲ" ಎಂದರು ಮೇಷ್ಟ್ರು. "ಒಂದೊಂದು ದಿನ ಹಾಗಾಗುತ್ತೆ. ಇನ್ಮುಂದೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ನಾನು ಹೇಗೆ ಕೂತಿರ್ತೀನಿ ಅಂತ ನೋಡಿದ್ಯಲ್ಲ." ಆಮೇಲೆ ಮುಂದಿನ ಬಾಗಿಲು ತೆರೆದು ಹಿಡಿದರು. "ಈಗ ನೀನು ಕೂತ್ಕೋ."

ಅವಳ ಕೈಯಲ್ಲಿ ಕಾರು ಮೂರು ಸಲ ಕೆಮ್ಮಿ ನಿಂತಿತು. ನಾಲ್ಕನೆಯ ಸಲ ಕಪ್ಪೆಯಂತೆ ಕುಪ್ಪಳಿಸಿತು. ಮೇಷ್ಟ್ರು ಅದೇ ತಣ್ಣನೆಯ ದನಿಯಲ್ಲಿ ಕ್ಲಚ್ ನಿಧಾನ ಬಿಡು ಎನ್ನುತ್ತಿದ್ದರು.

"ಮನೇಲಿ ಯಾವತ್ತಾದ್ರೂ ಇಷ್ಟು ಸಮಾಧಾನವಾಗಿ ಮಾತಾಡಿದ್ದೀರಾ?"

"ಮನೇಲಿ ನನ್ನ ಕಾಲ ಕೆಳಗೆ ಬ್ರೇಕ್ ಇಲ್ವಲ್ಲ."

ಆ ಮಾತನ್ನು ಅತ್ತೆಗೆ ಹೇಳಿ ಅವಳು ವಾರವಿಡೀ ನಕ್ಕಳು. ಹೆದರಿಕೆ ಪೂರ್ತಿ ಹೋಯಿತೆಂದಲ್ಲ. ಮುಂದಿನ ಸಲ ಮೇಡಂ ಅವಳನ್ನು ಫೋನುಗಳಿಂದ ದೂರ, ಅಂಗಳದ ಬೆಂಚಿಗೆ ಕರೆದೊಯ್ದು ಕೇಳಿದಾಗ ಕೆಲವಕ್ಕೆ ಆಗಾಗ ಎಂದಳು, ಕೆಲವಕ್ಕೆ ಅಪರೂಪಕ್ಕೆ ಎಂದಳು, ಒಂದಕ್ಕೆ ಸುಮಾರು ಸಲ ಎಂದಳು. ಅಳತೆ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎನ್ನುವಂತೆ ಬಂತು. ಬದುಕಿರುವ ಮನುಷ್ಯರಿಗೆ ಇರಬೇಕಾದಷ್ಟಿದೆ ಎಂದು ಮೇಡಂ ಹೇಳಿದರಂತೆ.

ಎರಡನೆಯ ಪ್ರಯತ್ನಕ್ಕೆ ದೂರಮ್ಮನಿಗೆ ಲೈಸೆನ್ಸ್ ಸಿಕ್ಕಿತು. ಒಂದು ರಜಾದಿನ ಮೂವರೂ ಮನೆಯ ಹಳೇ ಕಾರಿನಲ್ಲಿ ನದಿಯ ದಂಡೆಯ ರಸ್ತೆಗೆ ಹೊರಟರು. ಆ ಕಾರಿಗೆ ಇದ್ದದ್ದು ಒಂದೇ ಬ್ರೇಕ್, ಅದು ದೂರಮ್ಮನ ಕಾಲ ಕೆಳಗೆ. ಹಿಂದೆ ಕೂತ ಅತ್ತೆ ಎರಡೂ ಕೈಯಿಂದ ಸೀಟು ಹಿಡಿದು, ಮರಗಳೆಲ್ಲ ಎಷ್ಟು ಜೋರಾಗಿ ಓಡುತ್ತಿವೆ ಎಂದು ಮೆಚ್ಚುತ್ತಿದ್ದರು. ಪಕ್ಕದಲ್ಲಿದ್ದ ಮೇಷ್ಟ್ರು ಒಂದಷ್ಟು ದೂರ, ಇಲ್ಲದ ಬ್ರೇಕಿನ ಮೇಲೆ ಪಾದವಿಟ್ಟವರಂತೆ ಕಾಲು ಚಾಚಿ, ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಎದುರಿಗೆ ಬಂದ ಲಾರಿಯೂ ದಾಟಿಹೋಯಿತು. ಸ್ವಲ್ಪ ಹೊತ್ತಿಗೆ ಅವರ ತಲೆ ಕಿಟಕಿಗೆ ಒರಗಿತು, ಸಣ್ಣಗೆ ಗೊರಕೆ ಕೇಳಿಸಿತು.

ದೂರಮ್ಮ ಕಾರನ್ನು ನಿಧಾನ ಮಾಡಿದಳು.

"ಯಾಕೆ, ಪೆಟ್ರೋಲ್ ಮುಗೀತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಇವರು ಮಲಗಿದ್ದಾರೆ" ಎಂದು ಅವಳು ಹೇಳಿದಳು. ಅತ್ತೆಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದರೆ ಮೇಷ್ಟ್ರಿಗೆ ಎಚ್ಚರವಾದೀತೆಂದು ಅವಳು ಮತ್ತೆ ಹೇಳಲಿಲ್ಲ.